ಹಸಿರಂಗಿ ಬರುವ ತನಕ

ಹೇಳಿಕೆ ಕೊಡುತ್ತಿರುವವನು: ಮೃತರ ಹೆಂಡತಿಯ ತಮ್ಮ. ವಯಸ್ಸು ನಲವತ್ತೊಂದು. ಕಸುಬು: ಫ್ರಿಜ್ ಮತ್ತು ವಾಷಿಂಗ್ ಮಷಿನ್ ರಿಪೇರಿ. ವಾಸ: ಬಸ್ ನಿಲ್ದಾಣದ ಹಿಂದಿನ ಬೀದಿ, ನನ್ನದೇ ಅಂಗಡಿಯ ಮೇಲಿನ ಎರಡು ಕೋಣೆ. ಹೆಸರು, ಫೋನ್ ನಂಬರು ಭಾನುವಾರದ ಹೇಳಿಕೆಯಲ್ಲಿವೆ.

ಈ ದಿನ ಬುಧವಾರ ಮಧ್ಯಾಹ್ನ ಒಂದೂಕಾಲಿಗೆ, ಯಾರೂ ಕರೆಯದೆ, ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುತ್ತಿರುವುದು ಏನೆಂದರೆ, ಭಾನುವಾರ ನಾನು ಕೊಟ್ಟ ಹೇಳಿಕೆ ಅರ್ಧ ಮಾತ್ರ. ನನ್ನ ಭಾವ ಊಟದ ಹೊತ್ತಿನಲ್ಲಿ ಸಿಟ್ಟು ಮಾಡಿಕೊಂಡು ನಮ್ಮನ್ನು ಬಿಟ್ಟು ಮನೆಗೆ ಹೊರಟಿರಬೇಕು ಎಂದು ಅದರಲ್ಲಿದೆ. ಬರೆಸುವಾಗ ನಾನು ಹಾಗೇ ನಂಬಿದ್ದೆ. ಈಗ ನಂಬುವುದಿಲ್ಲ. ಅವರು ಯಾಕೆ ಹಳ್ಳದ ಕಡೆಗೆ ವಾಪಸ್ ಹೋದರು ಎಂಬುದು ನನಗೆ ಇವತ್ತು ಬೆಳಗ್ಗೆ ಗೊತ್ತಾಯಿತು. ಅದನ್ನು ಬರೆಸಲು ಬಂದಿದ್ದೇನೆ.

ನಾವು ನಾಲ್ಕು ಜನ ಆರು ವರ್ಷದಿಂದ ತಿಂಗಳಿಗೊಂದು ಭಾನುವಾರ ಬೈಕಿನಲ್ಲಿ ಕಾಡುದಾರಿ ಸುತ್ತಲು ಹೋಗುತ್ತೇವೆ. ಡಾಂಬರಿಗೂ ಕಲ್ಲುದಾರಿಗೂ ಎರಡಕ್ಕೂ ಆಗುವಂಥ ಬೈಕುಗಳು. ಎತ್ತರದ ಸೀಟು, ಹಲ್ಲುಹಲ್ಲಾದ ಟೈರು. ಕಾಡುದಾರಿ ಅಂದರೆ ಹಿಂದೆ ಮರ ಸಾಗಿಸುತ್ತಿದ್ದ ಲಾರಿಗಳ ಹಳೆ ದಾರಿ, ದನದ ದಾರಿ, ಒಂದೊಂದು ಕಡೆ ದಾರಿಯೇ ಇಲ್ಲ. ಮುಂದೆ ಹೋಗುವವರು ಕ್ಯಾಪ್ಟನ್. ಅವರಿಗೆ ಪ್ರಿಂಟಿಂಗ್ ಪ್ರೆಸ್ಸಿದೆ. ಯಾವ ಸೈನ್ಯದಲ್ಲೂ ಇದ್ದವರಲ್ಲ, ಆದರೆ ತಮ್ಮ ಮುಂದೆ ಇನ್ನೊಬ್ಬರು ಹೋದರೆ ಅವರಿಗೆ ಆಗಿಬರುವುದಿಲ್ಲ, ಅದಕ್ಕೆ ಆ ಹೆಸರು. ಇನ್ನೊಬ್ಬರು ಹಲ್ಲಿನ ಡಾಕ್ಟರು. ಮೂರನೆಯವರು ನನ್ನ ಭಾವ. ನಾಲ್ಕನೆಯವನು ನಾನು.

ಭಾವನಿಗೆ ಐವತ್ಮೂರು ವರ್ಷ. ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಕಲಿಸುವ ಕಾರಿನಲ್ಲಿ ಅವರ ಕಾಲ ಕೆಳಗೂ ಒಂದು ಬ್ರೇಕಿತ್ತು. ಮನೆಯಲ್ಲಿ ಟಿವಿ ನೋಡುವಾಗ ಟಿವಿಯೊಳಗಿನ ಕಾರು ಜೋರಾಗಿ ಹೋದರೂ ಅವರ ಕಾಲು ನೆಲ ಒತ್ತುತ್ತಿತ್ತು. ಕಾಡಿನಲ್ಲಿ, ಹಿಂದೆ ಮುಂದೆ ಒಂದು ನರಪಿಳ್ಳೆ ಇಲ್ಲದ ಕಡೆ, ತಿರುವು ಬಂದರೆ ಇಂಡಿಕೇಟರ್ ಹಾಕಿಯೇ ತಿರುಗುತ್ತಿದ್ದರು. ನಾವು ಅವರನ್ನು ಇಂಡಿಕೇಟರ್ ಎಂದೇ ಕರೆಯುತ್ತಿದ್ದೆವು. ಇದು ಬೇಕಾ ಎಂದು ಹೇಳಿಕೆ ಬರೆದುಕೊಳ್ಳುತ್ತಿರುವ ರೈಟರ್ ಕೇಳಿದರು. ಬೇಕು, ಬರೆದುಕೊಳ್ಳಿ ಎಂದು ಹೇಳಿದ್ದೇನೆ.

ನಮ್ಮ ಗುಂಪಿಗೆ ಒಂದು ಪದ್ಧತಿ ಇದೆ. ಭಾನುವಾರ ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಾಡಿನಲ್ಲಿ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗಲು ಆಗುವುದಿಲ್ಲ, ಮುಂದಿನವರ ಧೂಳು ಕಣ್ಣಿಗೆ ಬರುತ್ತದೆ. ದೂರ ದೂರ ಹೋಗಬೇಕು. ಹಾಗಾಗಿ ದಾರಿ ಕವಲೊಡೆಯುವ ಕಡೆ ಕ್ಯಾಪ್ಟನ್ನರ ಹಿಂದಿದ್ದವರು ನಿಲ್ಲಬೇಕು. ಇದಕ್ಕೆ ಕವಲಿಗೆ ನಿಲ್ಲುವುದು ಎನ್ನುತ್ತೇವೆ. ನಿಂತವರು ಹಿಂದೆ ಬರುವ ಎಲ್ಲರಿಗೂ ಸರಿಯಾದ ದಾರಿ ಕೈ ಮಾಡಿ ತೋರಿಸಬೇಕು. ಎಲ್ಲರಿಗಿಂತ ಕೊನೆಯಲ್ಲಿ ಬರುವವನಿಗೆ ಬಾಲ ಎಂದು ಹೆಸರು. ಬಾಲವಾದವನು ರಸ್ತೆ ಕೆಲಸದವರು ಹಾಕುವಂಥ, ತೋಳಿಲ್ಲದ, ಹೊಳೆಯುವ ಹಸಿರಂಗಿ ತೊಟ್ಟಿರಬೇಕು. ಹೆಲ್ಮೆಟ್ಟು, ಕೆಸರು ಎಲ್ಲ ಸೇರಿ ಯಾರು ಯಾರೆಂದು ಗೊತ್ತಾಗುವುದಿಲ್ಲವಾದ್ದರಿಂದ ಈ ಏರ್ಪಾಟು. ಹಸಿರಂಗಿ ಕಂಡರೆ ಹಿಂದೆ ಯಾರೂ ಇಲ್ಲ ಎಂದು ಅರ್ಥ. ಬಾಲವಾದವನು ಕವಲಿನಲ್ಲಿ ನಿಂತು, ಕಾಯುತ್ತಿದ್ದವರನ್ನು ಮುಂದೆ ಬಿಟ್ಟು, ತಾನು ಹಿಂದೆ ಹೋಗಬೇಕು. ಮಧ್ಯೆ ಬಾಲ ಬದಲಾದರೆ ಅಂಗಿಯನ್ನೂ ಬಿಚ್ಚಿ ಕೊಡಬೇಕು.

ಹಸಿರಂಗಿ ಬರುವ ತನಕ ಕವಲಿಗೆ ನಿಂತವರು ಕದಲುವಂತಿಲ್ಲ. ಒಂದು ಗಂಟೆ ಕಾದರೂ ಬಾರದಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ನೋಡಬೇಕು, ಮುಂದಕ್ಕೆ ಹೋಗಬಾರದು. ಈ ಪದ್ಧತಿ ಮಾಡಿದವರು ನನ್ನ ಭಾವ. ಮೂರು ವರ್ಷದ ಹಿಂದೆ ಡಾಕ್ಟರು ಒಂದು ಕವಲಿನಲ್ಲಿ ತಪ್ಪಿ ಕಾಡಿನಲ್ಲೇ ಬೆಳಗು ಮಾಡಿದ ಮೇಲೆ ಮಾಡಿದ್ದು. ಹಸಿರಂಗಿ ಕೊಂಡು ತಂದವರೂ ಅವರೇ.

ಮೊನ್ನೆ ಭಾನುವಾರ ನಮ್ಮ ಜೊತೆ ಐದನೆಯವರೊಬ್ಬರು ಬಂದಿದ್ದರು. ಅವರು ದೊಡ್ಡ ಆಸ್ಪತ್ರೆಯ ಎದುರು ಔಷಧಿ ಅಂಗಡಿ ಇಟ್ಟಿದ್ದಾರೆ. ನಲವತ್ತೆಂಟು ವರ್ಷ, ಸ್ವಲ್ಪ ಸ್ಥೂಲಕಾಯ. ಬೈಕು ಓಡಿಸಲು ಕಲಿತದ್ದೇ ಹೋದ ವರ್ಷ, ಅದೂ ನನ್ನ ಭಾವನ ಹತ್ತಿರ. ಭಾವನನ್ನು ಮೇಷ್ಟ್ರೇ ಎಂದು ಕರೆಯುತ್ತಾರೆ. ಬೈಕು, ಬೂಟು, ಕಿತ್ತಳೆ ಬಣ್ಣದ ಗ್ಲೌಸು ಎಲ್ಲ ಹೊಸತು. ಕಾಡುದಾರಿಗೆ ಇದೇ ಮೊದಲು. ಅವರನ್ನು ಕರೆದುಕೊಂಡು ಬಂದವರು ಭಾವ. ನನ್ನ ಸ್ಟೂಡೆಂಟು, ನನ್ನ ಜವಾಬ್ದಾರಿ ಎಂದು ಬೆಳಗ್ಗೆ ಪೆಟ್ರೋಲ್ ಬಂಕಿನಲ್ಲಿ ನಮಗೆಲ್ಲ ಹೇಳಿದರು. ನೀನು ಬಾಲ, ಅವರ ಹಿಂದೆಯೇ ಇರು, ಅವಸರ ಮಾಡಿಸಬೇಡ ಎಂದು ನನಗೆ ಬೇರೆ ಹೇಳಿದರು. ಆಗಲಿ ಭಾವ ಎಂದೆ.

ಬೆಳಗ್ಗೆ ಏಳು ಗಂಟೆಗೆ ಹೊರಡುವುದೆಂದಿತ್ತು. ಭಾವ ಹತ್ತು ನಿಮಿಷ ತಡವಾಗಿ ಬಂದರು. ಮನೆಯಲ್ಲಿ ಅಕ್ಕನಿಗೂ ಅವರಿಗೂ ಮಾತಿಗೆ ಮಾತು ಬೆಳೆದಿತ್ತು. ಇದ್ದ ಒಂದು ಭಾನುವಾರವೂ ಮನೆಯಲ್ಲಿರುವುದಿಲ್ಲ ಎಂದು ಅಕ್ಕನ ತಕರಾರು. ಕಾಡಲ್ಲೇ ಒಂದು ಮನೆ ಮಾಡ್ಕೊಂಡು ಅಲ್ಲೇ ಇದ್ದುಬಿಡಿ ಎಂದು ಅಕ್ಕ ಹೇಳಿದಳಂತೆ. ಇದನ್ನು ಭಾವನೇ ಬಂಕಿನಲ್ಲಿ ನನಗೆ ಹೇಳಿದರು, ನಗುತ್ತಾ ಹೇಳಿದರು. ನಿಮ್ಮಕ್ಕನಿಗೆ ಕೋಪ ಬಂದಾಗ ಮಾತ್ರ ಒಳ್ಳೊಳ್ಳೆ ಐಡಿಯಾ ಬರುತ್ತೆ ಎಂದರು.

ಹನ್ನೆರಡೂವರೆಗೆ ಒಂದು ಬಯಲಿನಲ್ಲಿ ಊಟಕ್ಕೆ ಕೂತೆವು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಅಲ್ಲಿ ಮಾತಾಗಿದ್ದು ನಿಜ. ಮರಕ್ಕೆಲ್ಲ ಇಂಡಿಕೇಟರ್ ತೋರಿಸ್ತೀರಲ್ರೀ, ಅವು ಸೈಡು ಕೊಡ್ತವಾ ಎಂದು ಕ್ಯಾಪ್ಟನ್ ರೇಗಿಸಿದರು. ಅಷ್ಟಕ್ಕೆ ಭಾವ ನಕ್ಕರು. ಆಮೇಲೆ ಕ್ಯಾಪ್ಟನ್, ಈ ಕವಲಿಗೆ ನಿಲ್ಲುವುದನ್ನು ಇನ್ನು ಬಿಡೋಣ, ಎಲ್ಲರ ಫೋನಲ್ಲೂ ಮ್ಯಾಪಿದೆ, ನಿಂತು ನಿಂತು ಅರ್ಧ ದಿನ ಹಾಳಾಗುತ್ತೆ ಎಂದರು. ಭಾವನಿಗೆ ಆಗ ಸಿಟ್ಟು ಬಂತು. ಹಿಂದೆ ಬಿದ್ದವನ ಫೋನು ಒಡೆದುಹೋಗಿದ್ರೆ ಯಾರಪ್ಪ ನೋಡೋರು ಎಂದು ಜೋರಾಗಿಯೇ ಕೇಳಿದರು. ಇದನ್ನು ಬಿಡೋದಾದ್ರೆ ಮುಂದಿನ ಸಲ ನನ್ನನ್ನು ಕರೀಬೇಡಿ ಎಂದರು. ಕ್ಯಾಪ್ಟನ್ ಎದ್ದು ಕೈ ತೊಳೆಯಲು ಹೋದರು. ಇಷ್ಟೇ ಜಗಳ. ಇದಾದ ಮೇಲೆ ಭಾವ ಔಷಧಿ ಅಂಗಡಿಯವರಿಗೆ ಮೊಟ್ಟೆ ಸುಲಿದುಕೊಟ್ಟು, ಇಳಿಜಾರಿನಲ್ಲಿ ಮುಂದಿನ ಬ್ರೇಕು ಹೇಗೆ ಹಿಡಿಯಬೇಕು ಎಂದು ಬಾಳೆಹಣ್ಣಿನ ಮೇಲೆ ಬೆರಳಿಟ್ಟು ತೋರಿಸಿದರು. ಆ ಬಾಳೆಹಣ್ಣನ್ನು ಆಮೇಲೆ ತಾವೇ ತಿಂದರು. ಸಿಟ್ಟು ಅಷ್ಟೊತ್ತಿಗೆ ಇಳಿದಿತ್ತು ಎಂದು ನಾನು ಹೇಳುತ್ತಿದ್ದೇನೆ.

ಒಂದು ಗಂಟೆಗೆ ಅಲ್ಲಿಂದ ಹೊರಟೆವು. ಮುಂದೆ ಕ್ಯಾಪ್ಟನ್, ಎರಡನೆಯವರು ಭಾವ, ಮೂರನೆಯವರು ಡಾಕ್ಟರು, ನಾಲ್ಕನೆಯವರು ಔಷಧಿ ಅಂಗಡಿಯವರು, ಕೊನೆಗೆ ಹಸಿರಂಗಿ ತೊಟ್ಟು ನಾನು. ಸುಮಾರು ಒಂದೂಮುಕ್ಕಾಲಿಗೆ ಹಳ್ಳ ಸಿಕ್ಕಿತು. ಆಗ ನೀರು ಮೊಣಕಾಲುದ್ದ, ಅಗಲ ಒಂದು ಲಾರಿ ಉದ್ದದಷ್ಟು. ಮಧ್ಯದಲ್ಲಿ ಒಂದು ಚಪ್ಪಟೆ ಬಂಡೆ ಇದೆ. ಕ್ಯಾಪ್ಟನ್ನೂ ಭಾವನೂ ಆಗಲೇ ದಾಟಿ ಹೋಗಿದ್ದರು. ಡಾಕ್ಟರು ದಾಟುವಾಗ ಮುಂದಿನ ಚಕ್ರ ಕಲ್ಲಿಗೆ ತಾಗಿ ಆಚೆ ದಡದ ಹತ್ತಿರ ನೀರಿಗೆ ಬಿದ್ದರು. ಅವರಿಗೆ ಏಟಾಗಲಿಲ್ಲ, ಬೈಕು ನೀರು ಕುಡಿಯಿತು.

ನಾನು ನನ್ನ ಬೈಕು ದಾಟಿಸಿ ಅವರಿಗೆ ಕೈಜೋಡಿಸಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಕಿಕ್ ಹೊಡೆದು ನೀರು ಕಕ್ಕಿಸಿದೆವು. ಏರ್ ಫಿಲ್ಟರಿನ ಡಬ್ಬಿಯಲ್ಲಿ ಕೆಸರು ನೀರು ನಿಂತಿತ್ತು. ಒರೆಸಲು ಬಟ್ಟೆ ಬೇಕಾಯಿತು. ನಾನು ತೊಟ್ಟಿದ್ದ ಹಸಿರಂಗಿ ಬಿಚ್ಚಿ ಅದರಲ್ಲೇ ಒರೆಸಿದೆ. ನನ್ನ ಬ್ಯಾಗಿನಲ್ಲಿ ಟವೆಲ್ ಇತ್ತು. ತಳದಲ್ಲಿತ್ತು. ತೆಗೆಯಬೇಕಾದರೆ ಎಲ್ಲವನ್ನೂ ಹೊರಗೆ ಹಾಕಬೇಕಿತ್ತು. ಒರೆಸಿದ ಮೇಲೆ ಅಂಗಿ ಆಯಿಲ್ಲು, ಕೆಸರು ಹಿಡಿದು ತೊಡುವಂತಿರಲಿಲ್ಲ. ಸುತ್ತಿ ಬ್ಯಾಗಿನ ಹೊರಜೇಬಿಗೆ ತುರುಕಿದೆ. ಅದು ಈಗಲೂ ಅಲ್ಲೇ ಇದೆ. ಇನ್‌ಸ್ಪೆಕ್ಟರ್ ಸಾಹೇಬರು ಬೇಕು ಎಂದರೆ ತಂದುಕೊಡುತ್ತೇನೆ.

ನಾವು ಈ ಕೆಲಸದಲ್ಲಿದ್ದಾಗ ಔಷಧಿ ಅಂಗಡಿಯವರು ಇನ್ನೂ ಈಚೆ ದಡದಲ್ಲೇ ಇದ್ದರು. ಡಾಕ್ಟರು ಬಿದ್ದದ್ದನ್ನು ಕಣ್ಣಾರೆ ನೋಡಿ ಅವರ ಜೀವ ಹಾರಿಹೋಗಿತ್ತು. ಬೈಕನ್ನು ಎರಡು ಮಾರು ನೀರಿಗಿಳಿಸಿ ಮತ್ತೆ ಹಿಂದಕ್ಕೆ ತಳ್ಳಿಕೊಂಡರು. ಆಮೇಲೆ ನಡೆದುಕೊಂಡು ಮಧ್ಯದ ಬಂಡೆಯವರೆಗೆ ಬಂದು, ಗ್ಲೌಸು ತೆಗೆದು, ಒಂದು ಕೋಲು ಹಾಕಿ ನೀರಿನ ಆಳ ನೋಡಿದರು. ಅಲ್ಲಿಂದಲೇ ನನಗೆ, ನನ್ನ ಕೈಲಾಗಲ್ಲ, ನಾನು ಬಂದ ದಾರಿಯಲ್ಲೇ ವಾಪಸ್ ಹೋಗ್ತೀನಿ, ದಾರಿ ಗೊತ್ತಿದೆ ಎಂದು ಕೂಗಿ ಹೇಳಿದರು. ಆಗಲಿ, ನಿಧಾನವಾಗಿ ಹೋಗಿ ಎಂದೆ. ಅವರು ಕೋಲು ಎಸೆದು, ಮೇಷ್ಟ್ರಿಗೆ ಈಗಲೇ ಹೇಳಬೇಡಿ, ನಾಚಿಕೆ ಆಗುತ್ತೆ, ಸಾಯಂಕಾಲ ನಾನೇ ಫೋನ್ ಮಾಡಿ ಹೇಳ್ತೀನಿ ಎಂದರು. ಹಲ್ಲು ಕಿರಿದು, ಹೇಳಲ್ಲ ಹೋಗಿ ಎಂದೆ. ಡಾಕ್ಟರೂ ನಕ್ಕರು. ಅವರು ತಿರುಗಿ ಹೋದ ಸದ್ದು ದೂರವಾಗುವವರೆಗೂ ಕೇಳಿಸುತ್ತಿತ್ತು.

ಡಾಕ್ಟರ ಬೈಕು ಸ್ಟಾರ್ಟ್ ಆಗುವ ಹೊತ್ತಿಗೆ ಎರಡೂವರೆ. ಹಳ್ಳದಿಂದ ಆರು ಕಿಲೋಮೀಟರ್ ಮುಂದೆ ಕವಲು. ಎಡಕ್ಕೆ ಹೋದರೆ ಡಾಂಬರು ರಸ್ತೆ ಹತ್ತಿರ, ಅಲ್ಲಿಂದ ಮನೆಗೆ ನೇರ. ಬಲಕ್ಕೆ ನಮ್ಮ ದಾರಿ; ಅಲ್ಲೇ ಜಲ್ಲಿಯ ಕಡಿದಾದ ಏರು ಶುರುವಾಗುತ್ತದೆ. ಕವಲಿಗೆ ಭಾವ ನಿಂತಿದ್ದರು. ಬೈಕನ್ನು ಎಡದಾರಿಗೆ ಅಡ್ಡ ಹಾಕಿ, ಹೆಲ್ಮೆಟ್ ತಲೆಯ ಮೇಲೇ ಇಟ್ಟುಕೊಂಡು, ಬಲಗೈ ಚಾಚಿ ನಿಂತಿದ್ದರು. ಟ್ರಾಫಿಕ್ ಪೊಲೀಸರಿಗಿಂತ ನೆಟ್ಟಗೆ ನಿಂತಿದ್ದರು. ಮೊದಲು ಡಾಕ್ಟರು ಹೋದರು. ಒಂದು ನಿಮಿಷದ ಮೇಲೆ ನಾನು ಹೋದೆ. ಆಗ ಎರಡೂ ಮುಕ್ಕಾಲು.

ನಾನು ಅಲ್ಲಿ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಏರಿಗೆ ಮುಂಚೆ ವೇಗ ಕಳೆದುಕೊಂಡರೆ ಜಲ್ಲಿಯಲ್ಲಿ ಚಕ್ರ ಹೂತು ಮೇಲೆ ಹತ್ತುವುದಿಲ್ಲ, ಇದು ಒಂದು ಕಾರಣ. ನಿಲ್ಲಿಸಿದರೆ ಹೊಸಬರು ಎಲ್ಲಿ ಎಂದು ಭಾವ ಕೇಳುತ್ತಾರೆ, ನನಗೆ ಸುಳ್ಳು ಹೇಳಲು ಬರುವುದಿಲ್ಲ, ಕೊಟ್ಟ ಮಾತು ಹೋಗುತ್ತದೆ, ಇದು ಇನ್ನೊಂದು. ಎರಡರಲ್ಲಿ ಯಾವುದು ದೊಡ್ಡದು ಎಂದು ಸಾಹೇಬರು ಕೇಳಿದರು. ಬೆಳಗ್ಗೆಯಿಂದ ಯೋಚಿಸಿದರೂ ನನಗೆ ಗೊತ್ತಾಗಿಲ್ಲ. ನಾನು ತಲೆ ಆಡಿಸಿಕೊಂಡು ದಾಟಿದೆ. ಭಾವ ಹೆಬ್ಬೆರಳು ಎತ್ತಿದರು. ಎಲ್ಲ ಮುಗಿಯಿತು, ಹಿಂದೆ ಬರುತ್ತಾರೆ ಎಂದು ನಾನು ಅರ್ಥ ಮಾಡಿಕೊಂಡೆ. ಹೆಲ್ಮೆಟ್ಟಿನೊಳಗಿನ ಮುಖ ಕಾಣಿಸಲಿಲ್ಲ. ಕಾಡಿನಲ್ಲಿ ಕೊಂಬೆಗೆ ಸಿಕ್ಕುತ್ತವೆಂದು ಕನ್ನಡಿ ಬಿಚ್ಚಿಟ್ಟಿರುತ್ತೇವೆ, ಹಾಗಾಗಿ ಹಿಂದೆಯೂ ಕಾಣಿಸಲಿಲ್ಲ. ಮೈಮೇಲೆ ಅಂಗಿ ಇಲ್ಲ ಎಂಬುದು ನನ್ನ ತಲೆಗೇ ಬರಲಿಲ್ಲ.

ಭಾವ ಏನು ನೋಡಿದರು ಎಂಬುದನ್ನು ಈಗ ಹೇಳುತ್ತೇನೆ. ಕ್ಯಾಪ್ಟನ್ ಮುಂದೆ ಹೋಗಿದ್ದಾರೆ. ಡಾಕ್ಟರು ಹೋದರು. ನಾನು ಹೋದೆ, ಅಂಗಿ ಇಲ್ಲದೆ, ನಿಲ್ಲಿಸದೆ. ಔಷಧಿ ಅಂಗಡಿಯವರು ಬಂದಿಲ್ಲ, ಹಸಿರಂಗಿಯೂ ಬಂದಿಲ್ಲ. ಅಂದರೆ ಬಾಲ ಬದಲಾಗಿದೆ, ಅಂಗಿ ಔಷಧಿ ಅಂಗಡಿಯವರ ಮೈಮೇಲಿದೆ, ಅವರು ನಿಧಾನವಾಗಿ ಹಿಂದೆ ಬರುತ್ತಿದ್ದಾರೆ. ನಮ್ಮ ಪದ್ಧತಿ ಗೊತ್ತಿದ್ದ ಯಾರೇ ಆಗಲಿ ಹಾಗೇ ತಿಳಿಯುತ್ತಾರೆ. ನಾನು ಅಲ್ಲಿ ನಿಂತಿದ್ದರೂ ಹಾಗೇ ತಿಳಿಯುತ್ತಿದ್ದೆ.

ಏರು ಹತ್ತಿ ಒಂಬತ್ತು ಕಿಲೋಮೀಟರ್ ಹೋದ ಮೇಲೆ ರಸ್ತೆ ಬದಿಯ ಚಹಾದಂಗಡಿ. ಮೂರೂ ಇಪ್ಪತ್ತಕ್ಕೆ ನಾವು ಮೂವರೂ ಅಲ್ಲಿ ಸೇರಿದೆವು. ಹೊಸಬರು ಹಳ್ಳದಿಂದ ವಾಪಸ್ ಹೋದದ್ದನ್ನು ಡಾಕ್ಟರು ಕ್ಯಾಪ್ಟನ್ನರಿಗೆ ಹೇಳಿದರು. ಇಂಡಿಕೇಟರ್ ಎಲ್ಲಿ ಎಂದು ಕ್ಯಾಪ್ಟನ್ ಕೇಳಿದರು. ಹಿಂದೆ ಬರ್ತಿದ್ದಾರೆ ಎಂದೆ. ಬರಲಿಲ್ಲ. ಫೋನ್ ಹತ್ತಲಿಲ್ಲ. ಇನ್ನೇನು, ಊಟದ ಸಿಟ್ಟು, ಎಡಕ್ಕೆ ತಿರುಗಿಸಿಕೊಂಡು ಮನೆಗೆ ಹೋಗಿರ್ತಾರೆ, ಇಂಡಿಕೇಟರ್ ಹಾಕಿಯೇ ಹೋಗಿರ್ತಾರೆ ಎಂದು ಕ್ಯಾಪ್ಟನ್ ಹೇಳಿದರು. ನಾವು ನಕ್ಕೆವು. ನಾನೂ ನಕ್ಕೆ, ಅದನ್ನೂ ಬರೆದುಕೊಳ್ಳಿ. ದೂರದ ಗುಡ್ಡದ ಮೇಲೆ ಮಳೆ ಕಪ್ಪಾಗಿ ಇಳಿಯುತ್ತಿತ್ತು. ನಮ್ಮ ಕಡೆ ಬಿಸಿಲೇ ಇತ್ತು. ಒಬ್ಬೊಬ್ಬರು ಎರಡೆರಡು ಚಹಾ ಕುಡಿದು ನಾಲ್ಕೂ ಐದಕ್ಕೆ ಹೊರಟೆವು. ವಾಪಸ್ ಹೋಗಿ ನೋಡಿಬರೋಣ ಎಂದು ನಾನು ಹೇಳಲಿಲ್ಲ. ಯಾರೂ ಹೇಳಲಿಲ್ಲ.

ಮೂರೂವರೆ ಸುಮಾರಿಗೆ ಭಾವ ಕವಲಿನ ಕಲ್ಲಿನ ಮೇಲೆ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದನ್ನು ದನ ಕಾಯುವ ಹೆಂಗಸೊಬ್ಬರು ನೋಡಿದ್ದಾಗಿ ಸಾಹೇಬರು ನಿನ್ನೆ ಹೇಳಿದರು. ಮುಖ ಊದಿಸಿಕೊಂಡು ಕೂತಿದ್ದಾರೆ ಎಂದು ಕ್ಯಾಪ್ಟನ್ ಅದಕ್ಕೆ ಅರ್ಥ ಕಟ್ಟಿದರು. ಅವರು ಮುನಿಸಿಕೊಂಡು ಕೂತಿರಲಿಲ್ಲ. ಕಾಯುತ್ತಿದ್ದರು. ಗಂಟೆ ತುಂಬಲು ಆಗ ಇನ್ನೂ ಕಾಲು ಗಂಟೆ ಇತ್ತು. ಸಿಟ್ಟಾಗಿ ಮನೆಗೆ ಹೋಗುವವರಿಗೆ ಎಡದಾರಿ ಅಲ್ಲೇ ಇತ್ತು, ಅವರ ಬೈಕೇ ಅದಕ್ಕೆ ಅಡ್ಡ ನಿಂತಿತ್ತು.

ಸಂಜೆ ಏಳೂಕಾಲಿಗೆ ಅಕ್ಕ ಫೋನ್ ಮಾಡಿ, ನಿಮ್ಮ ಭಾವ ಊಟಕ್ಕೆ ಮನೆಗೆ ಬರ್ತಾರಾ ಕೇಳು ಎಂದಳು. ಬೆಳಗಿನ ಸಿಟ್ಟು ಅವಳ ದನಿಯಲ್ಲಿ ಇನ್ನೂ ಇತ್ತು. ನಾನು ಕ್ಯಾಪ್ಟನ್ನರಿಗೂ ಡಾಕ್ಟರಿಗೂ ಫೋನ್ ಮಾಡಿದೆ. ಠಾಣೆಗೆ ಬಂದು ಹೇಳಿಕೆ ಕೊಟ್ಟೆವು. ಮಾರನೆ ದಿನ ಬೆಳಗ್ಗೆ ಹುಡುಕಲು ಹೋದವರಿಗೆ ಹಳ್ಳದ ಆಚೆ ದಡದಲ್ಲಿ, ಕವಲಿನ ಕಡೆಗೆ, ಬೈಕು ಸಿಕ್ಕಿತು. ಸೈಡ್ ಸ್ಟ್ಯಾಂಡ್ ಮಣ್ಣಿಗಿಳಿಯದಂತೆ ಅದರ ಕೆಳಗೆ ಚಪ್ಪಟೆ ಕಲ್ಲಿಟ್ಟಿತ್ತು. ಹೆಡ್‌ಲೈಟ್ ನೀರಿನ ಕಡೆಗೆ ತಿರುಗಿತ್ತು, ಸ್ವಿಚ್ ಆನ್ ಇತ್ತು, ಬ್ಯಾಟರಿ ಸತ್ತಿತ್ತು. ಭಾವ ಮುನ್ನೂರು ಮೀಟರ್ ಕೆಳಗೆ ಬಿದಿರು ಮೆಳೆಯ ಬುಡದಲ್ಲಿ ಸಿಕ್ಕರು. ಮೇಲಿನ ಮಳೆಗೆ ಭಾನುವಾರ ಸಂಜೆ ನೀರು ಸೊಂಟದ ಮೇಲೆ ಬಂದಿತ್ತಂತೆ.

ಆಸ್ಪತ್ರೆಯಲ್ಲಿ ಸಾಹೇಬರು ಒಂದು ತಟ್ಟೆಯಲ್ಲಿ ಅವರ ಸಾಮಾನು ತೋರಿಸಿದರು. ಮನೆಯದೂ ಸ್ಕೂಲಿನದೂ ಎರಡು ಕೀ, ಕನ್ನಡಕದ ಡಬ್ಬಿ, ಕರ್ಚೀಫು, ಜಾಕೆಟ್ಟಿನ ಒಳಜೇಬಿನಲ್ಲಿ ಜಿಪ್ ಹಾಕಿ ಇಟ್ಟಿದ್ದ ಒಂದು ಕಿತ್ತಳೆ ಬಣ್ಣದ ಗ್ಲೌಸು. ಗ್ಲೌಸು ಯಾರದು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಆ ಹೊತ್ತಿಗೆ ನನಗೆ ಯಾವುದೂ ಗೊತ್ತಾಗುತ್ತಿರಲಿಲ್ಲ. ನನ್ನ ಹೆಸರು ಕೇಳಿದ್ದರೂ ಹಾಗೇ ಹೇಳುತ್ತಿದ್ದೆನೇನೋ. ಮಂಗಳವಾರ ಸಂಸ್ಕಾರ ಎಲ್ಲ ಮುಗಿಸಿದೆವು.

ಇವತ್ತು ಬೆಳಗ್ಗೆ ಒಂಬತ್ತೂವರೆಗೆ ಅಂಗಡಿ ಬಾಗಿಲು ತೆಗೆದೆ. ಯಾಕೆ ತೆಗೆದೆ ಎಂದರೆ, ಒಬ್ಬರ ಫ್ರಿಜ್ಜು ಶನಿವಾರದಿಂದ ಬಿಚ್ಚಿಟ್ಟಿತ್ತು. ಔಷಧಿ ಅಂಗಡಿಯವರು ಬಂದು ಸ್ಟೂಲಿನ ಮೇಲೆ ಕೂತರು. ಭಾನುವಾರ ಊಟದ ಬಯಲಿನ ಹತ್ತಿರ ಡಾಂಬರು ರಸ್ತೆ ಹಿಡಿದು ನಾಲ್ಕೂವರೆಗೇ ಮನೆ ಸೇರಿ, ಸ್ನಾನ ಮಾಡಿ, ಮಲಗಿಬಿಟ್ಟಿದ್ದರಂತೆ. ಎದ್ದು ಮೇಷ್ಟ್ರಿಗೆ ಫೋನ್ ಮಾಡಿದಾಗ ಹತ್ತಲಿಲ್ಲವಂತೆ. ಬಹಳ ಹೊತ್ತು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಏನಾದರೂ ಮಾತಾಡಬೇಕಲ್ಲ ಎಂಬಂತೆ, ಆ ಹಳ್ಳದ ಸಹವಾಸವೇ ಬೇಡ, ನನ್ನ ಒಂದು ಗ್ಲೌಸೂ ಆ ಬಂಡೆ ಮೇಲೇ ಬಿಟ್ಟು ಬಂದೆ ಎಂದರು.

ಅವರು ಎದ್ದು ಹೋಗುವ ತನಕ ಫ್ರಿಜ್ಜಿನ ಸ್ಕ್ರೂ ಬಿಗಿ ಮಾಡುತ್ತಾ ಇದ್ದೆ. ಬಿಗಿ ಇದ್ದ ಸ್ಕ್ರೂ ಅದು. ಭಾವ ಒಂದು ಗಂಟೆ ಕಾದು, ಪದ್ಧತಿ ಪ್ರಕಾರ ಹಿಂದಕ್ಕೆ ಹೋಗಿದ್ದಾರೆ. ಏರಿದ ನೀರು ಕಂಡಿದೆ. ನಡುವಿನ ಬಂಡೆಯ ಮೇಲೆ ತಮ್ಮ ಸ್ಟೂಡೆಂಟಿನ ಒಂದೇ ಒಂದು ಗ್ಲೌಸು ಕಂಡಿದೆ. ಬೈಕು ನಿಲ್ಲಿಸಿ, ಮೋಡದ ಕತ್ತಲಿಗೆ ಲೈಟು ಹಾಕಿ, ನೀರಿಗಿಳಿದು ಅದನ್ನು ತೆಗೆದುಕೊಂಡು, ಕಳೆದುಹೋಗಬಾರದೆಂದು ಜಿಪ್ ಹಾಕಿ ಇಟ್ಟುಕೊಂಡು, ಅಲ್ಲಿಂದ ಮುಂದೆ ಹುಡುಕಲು ಹೋಗಿದ್ದಾರೆ. ಅವರು ಯಾರನ್ನು ಹುಡುಕುತ್ತಿದ್ದರೋ ಆ ಔಷಧಿ ಅಂಗಡಿಯವರು ಆಗ ಮನೆಯಲ್ಲಿ ಮಲಗಿದ್ದರು. ಆ ಗ್ಲೌಸು ಎಲ್ಲಿ ಸಿಕ್ಕಿತು ಎಂದು ಔಷಧಿ ಅಂಗಡಿಯವರಿಗೆ ನಾನು ತಿಳಿಸಿಲ್ಲ. ಠಾಣೆಯವರು ತಿಳಿಸಲೇಬೇಕಾಗುತ್ತದೆ ಎಂದು ಗೊತ್ತಿದೆ. ತಿಳಿಸುವಾಗ ಅವರ ಮನೆಯವರು ಯಾರಾದರೂ ಜೊತೆಗಿರಲಿ ಎಂದು ಕೇಳಿಕೊಳ್ಳುತ್ತೇನೆ.

ಹತ್ತು ಗಂಟೆಗೆ ಕ್ಯಾಪ್ಟನ್ನರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಹಿಂದೆ ಓಡುತ್ತಿದ್ದ ಪ್ರಿಂಟಿಂಗ್ ಮಷಿನ್ ನಿಲ್ಲಿಸಲು ಅವರು ಯಾರಿಗೋ ಹೇಳಿದ್ದು ಕೇಳಿಸಿತು. ಆಮೇಲೆ, ಬೇಡ ಮಾರಾಯ, ಇದನ್ನ ಈಗ ಕೆದಕಬೇಡ, ಆ ಔಷಧಿ ಅಂಗಡಿಯವರು ಇದನ್ನ ಕೇಳಿ ಬದುಕ್ತಾರಾ, ನಿಮ್ಮಕ್ಕ ನಿನ್ನ ಮುಖ ನೋಡ್ತಾರಾ, ಸಿಟ್ಟಲ್ಲಿ ಹೋದರು ಅಂತಲೇ ಇರಲಿ, ಅದರಿಂದ ಯಾರಿಗೂ ನಷ್ಟ ಇಲ್ಲ ಎಂದರು. ಕ್ಯಾಪ್ಟನ್ ಕೆಟ್ಟವರಲ್ಲ, ದಯವಿಟ್ಟು ಅದನ್ನೂ ಬರೆದುಕೊಳ್ಳಿ. ಆದರೆ ಅವರು ಹೇಳಿದ್ದು ಸರಿಯಲ್ಲ. ನಷ್ಟ ಅಕ್ಕನಿಗಿತ್ತು. ಸೋಮವಾರದಿಂದ ಅವಳು ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಳು, ಕೋಪದಲ್ಲಿದ್ರಾ, ಕೋಪದಲ್ಲೇ ಹೋದ್ರಾ ಎಂದು. ಕಾಡಲ್ಲೇ ಇದ್ದುಬಿಡಿ ಎಂದದ್ದು ತಾನು ಎಂದು ಅವಳ ತಲೆಯಲ್ಲಿ ಕೂತಿತ್ತು. ಎಲ್ಲರೂ ಸುಮ್ಮನೆ ಅವಳ ಕೈ ಹಿಡಿದುಕೊಳ್ಳುತ್ತಿದ್ದರು. ನಾನೂ ಹಾಗೇ ಮಾಡುತ್ತಿದ್ದೆ.

ಹನ್ನೊಂದೂವರೆಗೆ ಅಕ್ಕನ ಮನೆಗೆ ಹೋದೆ. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು, ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಇಲ್ಲಿ ಬರೆಸಿದ್ದನ್ನೆಲ್ಲ ಇದೇ ಕ್ರಮದಲ್ಲಿ ಅವಳಿಗೆ ಹೇಳಿದೆ. ಟವೆಲ್ಲಿನ ವಿಷಯವನ್ನೂ ಹೇಳಿದೆ. ಅವಳು ನಲ್ಲಿ ನಿಲ್ಲಿಸಿ ಕೇಳಿದಳು. ಎಲ್ಲ ಮುಗಿದ ಮೇಲೆ, ಹಾಗಾದ್ರೆ ಕೋಪ ಇರ್ಲಿಲ್ಲ ಎಂದಳು. ಇರಲಿಲ್ಲ, ಬೆಳಗ್ಗೆ ನಿನ್ನ ಮಾತು ಹೇಳಿಕೊಂಡು ನಗುತ್ತಿದ್ದರು ಎಂದೆ. ಏನಂತ ನಕ್ಕರು ಎಂದು ಕೇಳಿದಳು. ಹೇಳಿದೆ. ಇನ್ನೊಂದು ಸಲ ಹೇಳು ಎಂದಳು. ಇನ್ನೊಂದು ಸಲ ಹೇಳಿದೆ. ಔಷಧಿ ಅಂಗಡಿಯವರು ಆರಾಮಾಗಿದ್ದಾರೆ ಅನ್ನೋದು ಅವರಿಗೆ ಕೊನೇವರೆಗೂ ಗೊತ್ತಾಗಲೇ ಇಲ್ವಾ ಎಂದು ಕೇಳಿದಳು. ಇಲ್ಲ ಅಕ್ಕ ಎಂದೆ.

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಅಳಲಿಲ್ಲ. ನನ್ನ ಮುಖ ನೋಡಲಿಲ್ಲ. ಅವರಿಗೆ ಕೋಪ ಇರ್ಲಿಲ್ಲ ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು ಎಂದಳು. ಈಗ ನನಗೆ ಬಂದಿದೆ ಎಂದಳು. ಇದು ಯಾವಾಗ ಇಳಿಯುತ್ತೋ ನನಗೇ ಗೊತ್ತಿಲ್ಲ, ಇಳಿದ ದಿನ ನಾನೇ ಫೋನ್ ಮಾಡ್ತೀನಿ, ಅಲ್ಲಿ ತನಕ ನೀನು ಈ ಮನೆಗೆ ಬರಬೇಡ ಎಂದಳು. ಆಗಲಿ ಅಕ್ಕ ಎಂದೆ. ಅಲ್ಲಿಂದ ನಡೆದುಕೊಂಡೇ ಠಾಣೆಗೆ ಬಂದೆ.

ಮೇಲಿನದೆಲ್ಲ ನಾನು ಹೇಳಿದಂತೆಯೇ ರೈಟರ್ ಬರೆದುಕೊಂಡು ನನಗೆ ಓದಿ ಹೇಳಿದ್ದಾರೆ. ಕೇಳಿದೆ, ಸರಿಯಾಗಿದೆ. ಸೇರಿಸುವುದಾಗಲಿ ತೆಗೆಯುವುದಾಗಲಿ ಏನೂ ಇಲ್ಲ. ಯಾರ ಒತ್ತಾಯವೂ ಇಲ್ಲದೆ ಸಹಿ ಮಾಡಿದ್ದೇನೆ.

ಸ್ಥಳ: ಠಾಣೆಯ ಒಳಕೋಣೆ
ದಿನ: ಬುಧವಾರ, ತಾರೀಖು 14, ಮಧ್ಯಾಹ್ನ ಮೂರೂ ಹತ್ತು
ಸಹಿ: (ಮೃತರ ಹೆಂಡತಿಯ ತಮ್ಮ)